ಖಾಲಿ ಶೂಟಿಂಗು

ಆಡಿದ ಮಾತು ಆಡಿದ ಕೂಡಲೇ ಗಾಳಿಯಲ್ಲಿ ಕರಗಿಹೋಗುವ ಹಾಗೆ ದೇವರು ಮಾಡಿಟ್ಟಿರುವ ಏರ್ಪಾಡು ಎಷ್ಟು ಒಳ್ಳೆಯದೆಂದು ನನಗೆ ಅರ್ಥವಾದದ್ದು ಅರವತ್ತು ದಾಟಿದ ಮೇಲೆ. ಅದು ಕರಗದೆ ಉಳಿದಿದ್ದರೆ ನಮ್ಮಲ್ಲಿ ಯಾರೂ ಯಾರ ಮನೆಗೂ ಊಟಕ್ಕೆ ಹೋಗುವ ಹಾಗಿರಲಿಲ್ಲ. ಈ ಏರ್ಪಾಡನ್ನು ಕೆಡಿಸುವುದಕ್ಕೆಂದೇ ಮನುಷ್ಯ ಒಂದು ಯಂತ್ರ ಕಂಡುಹಿಡಿದ, ಅದನ್ನು ಕೊಂಡುಕೊಳ್ಳುವುದಕ್ಕೆಂದೇ ನಾನು ಹುಟ್ಟಿದೆ. ಇಷ್ಟು ವರ್ಷ ಯಾರಿಗೂ ಹೇಳದ ಒಂದು ವಿಷಯವನ್ನು ಈಗ ನಿಮಗೆ ಹೇಳುತ್ತಿದ್ದೇನೆ. ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಜಾವಳಿ-ಮೂಡಿಗೆರೆ ಬಸ್ಸಿನಲ್ಲಿ ಓಡಾಡುವ ಅರ್ಧ ಜನರಿಗೆ ಗೊತ್ತಾಗಿಹೋಗಿದೆ. ಅವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿ.

ಕಾಫಿಗೆ ಇದ್ದಕ್ಕಿದ್ದಂತೆ ಬೆಲೆ ಬಂದ ಒಂದೆರಡು ವರ್ಷ ನಮ್ಮ ಕಡೆಯವರಿಗೆಲ್ಲ ಸ್ವಲ್ಪ ತಲೆ ತಿರುಗಿತ್ತು. ಒಬ್ಬರು ಜೀಪು ತಂದರು. ಇನ್ನೊಬ್ಬರು ಮನೆಗೆಲ್ಲ ಮಾರ್ಬಲ್ ಹಾಕಿಸಿ, ಅದರ ಮೇಲೆ ತಾವೇ ಮೊದಲು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾನು ತರಿಸಿದ್ದು ವಿಡಿಯೋ ಕ್ಯಾಮೆರಾ. ಈಗಿನ ಹಾಗೆ ಅಂಗೈಯಲ್ಲಿ ಕೂರುವಂಥದ್ದಲ್ಲ. ಹೆಗಲ ಮೇಲೆ ಹೊರಬೇಕಾಗಿದ್ದ, ದೊಡ್ಡ ಕ್ಯಾಸೆಟ್ಟನ್ನೇ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತಿದ್ದ ಯಂತ್ರ. ನಮ್ಮಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿ, "ಔಷಧಿ ಹೊಡೆಯೋ ಪಂಪಿಗಿಂತ ಭಾರ ಐತಲ್ಲೋ. ಇದರಿಂದ ಏನು ಹೊಡೀತೀಯ?" ಎಂದು ಕೇಳಿದರು. ನಾನು ಜೀಪಿನ ಕಡೆ ಕ್ಯಾಮೆರಾ ತಿರುಗಿಸಿದೆ. ಹೌದು, ಆ ವರ್ಷ ಜೀಪನ್ನೂ ತಂದಿದ್ದೆವು. ಮಾರ್ಬಲ್ ಒಂದು ಹಾಕಿಸಿರಲಿಲ್ಲ.

ಆಮೇಲಿನ ಎರಡು ವರ್ಷ ನಾನು ಕ್ಯಾಮೆರಾ ಇಳಿಸಲಿಲ್ಲ. ಮದುವೆ, ನಾಮಕರಣ, ತಿಥಿ, ಯಾವುದನ್ನೂ ಬಿಡಲಿಲ್ಲ. ತಿಥಿಯಲ್ಲಿ ಪುರೋಹಿತರಿಗೆ, "ಇನ್ನೊಂದು ಸಲ ನೀರು ಬಿಡಿ, ಸರಿಯಾಗಿ ಬರಲಿಲ್ಲ" ಎಂದು ಹೇಳಿ ಅಪ್ಪನಿಂದ ಬೈಸಿಕೊಂಡದ್ದೂ ಉಂಟು. ಬೆಲೆ ಇಳಿದ ಮೇಲೆ ಕ್ಯಾಮೆರಾ ಕೆಟ್ಟಿತು, ಕೆಟ್ಟದ್ದು ಅಟ್ಟ ಸೇರಿತು. ಐದು ಕ್ಯಾಸೆಟ್ಟು ಉಳಿದವು. ಅವನ್ನು ಯಾರೂ ಒಂದು ಸಲವೂ ಪೂರ್ತಿ ನೋಡಲಿಲ್ಲ. ಆದರೆ ಎಲ್ಲಿ ನಾಲ್ಕು ಜನ ಸೇರಿದರೂ, "ನಮ್ಮ ತೋಟದ ಇಡೀ ಚರಿತ್ರೆ ನನ್ನ ಹತ್ರ ಕ್ಯಾಸೆಟ್ಟಲ್ಲಿದೆ" ಎಂದು ಜಂಬ ಕೊಚ್ಚುವುದನ್ನು ಮಾತ್ರ ನಾನು ಬಿಟ್ಟಿರಲಿಲ್ಲ.

ಸಿಕ್ಕಿಬಿದ್ದದ್ದೂ ಹಾಗೆ ಬಸ್ಸಿನಲ್ಲಿ ಜಂಬ ಕೊಚ್ಚಿಯೇ. ಕಣ್ಣಿಗೆ ಪೊರೆ ಬಂದು, ಕಾರನ್ನು ಗೋದಾಮಿನ ಬಾಗಿಲಿಗೆ ಗುದ್ದಿದ ಮೇಲೆ ನನ್ನ ಹೆಂಡತಿ ವಿಮಲ ಕೀಲಿಕೈ ಕಸಿದುಕೊಂಡಿದ್ದಾಳೆ. ಹಾಗಾಗಿ ಮೂಡಿಗೆರೆಗೆ ಹೋಗುವುದೂ ಬರುವುದೂ ಬಸ್ಸಿನಲ್ಲೇ. ಆ ಬಸ್ಸಿನ ಕಂಡಕ್ಟರು ಶಾರದಾ. ನಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿದ್ದ ಚಂದ್ರಮ್ಮನ ಮಗಳು. ಚಂದ್ರಮ್ಮ ನಮ್ಮಲ್ಲಿ ಹತ್ತು ಹದಿನೈದು ವರ್ಷ ಕಾಫಿ ಕುಯ್ದವಳು. ಶಾರದಾ ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ತಾಯಿ ಜ್ವರ ಬಂದು ತೀರಿಹೋದಳು. ನಾನು ಪಕ್ಕದವರ ಹತ್ತಿರ ಕ್ಯಾಸೆಟ್ಟಿನ ಪ್ರವರ ಹೇಳುತ್ತಿದ್ದುದನ್ನು ಶಾರದಾ ಟಿಕೆಟ್ ಕೊಡುತ್ತ ಕೇಳಿಸಿಕೊಂಡಳು.

"ಅಣ್ಣಾ, ಅದ್ರಲ್ಲಿ ನಮ್ಮಮ್ಮ ಎಲ್ಲಾದ್ರೂ ಇದಾಳಾ ನೋಡ್ತೀರಾ? ಅಮ್ಮಂದು ನಮ್ಮತ್ರ ಒಂದ್ ಫೋಟೋನೂ ಇಲ್ಲ. ಹಳೇ ರೇಷನ್ ಕಾರ್ಡಲ್ಲಿ ಒಂದಿದೆ, ಮುಖದ ಮೇಲೇ ಸೀಲ್ ಹೊಡೆದವ್ರೆ. ನನ್ ಮಗಳು ಅಜ್ಜಿ ಹೆಂಗಿದ್ರು ಅಂತ ಕೇಳ್ತಾಳೆ. ಸೀಲ್ ತೋರ್ಸಿ, ಹಿಂಗಿದ್ರು ಅಂತ ಹೇಳೋಕಾಗುತ್ತಾ?"

"ಅಯ್ಯೋ, ಇಲ್ದೆ ಇರ್ತಾಳಾ? ಖಂಡಿತ ಇದಾಳೆ" ಎಂದುಬಿಟ್ಟೆ. ಎಂದ ಮರುಕ್ಷಣ ಚಿಲ್ಲರೆ ಎಣಿಸುವವನ ಹಾಗೆ ತಲೆ ತಗ್ಗಿಸಿದೆ.

ಏಕೆಂದರೆ ಅವಳು ಇಲ್ಲವೆಂದು ನನಗೆ ಗೊತ್ತಿತ್ತು. ಕಾಫಿ ಕುಯ್ಲು ಮುಗಿದ ದಿನ ನಮ್ಮ ಕಣದಲ್ಲಿ ಎಲ್ಲರಿಗೂ ಊಟ, ಹೆಂಗಸರಿಗೆ ಒಂದೊಂದು ಸೀರೆ. ಕ್ಯಾಮೆರಾ ಬಂದ ವರ್ಷ ಅವರೆಲ್ಲ, "ಸಣ್ಣಯ್ಯಾ, ನಮ್ದೂ ತೆಗೀರಿ" ಎಂದು ದುಂಬಾಲು ಬಿದ್ದರು. ನಾನು ಅವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆಯೂ ಕ್ಯಾಮೆರಾ ಹಿಡಿದು, ಹೆಸರು ಕೇಳಿ, ಮಾತಾಡಿಸಿದೆ. ಬಟನ್ ಮಾತ್ರ ಒತ್ತಲಿಲ್ಲ. ಕ್ಯಾಸೆಟ್ಟು ಅಲ್ಲೆಲ್ಲೂ ಸಿಗುತ್ತಿರಲಿಲ್ಲ, ಅಪ್ಪನ ಭಾಷಣವೊಂದಕ್ಕೆ ಖರ್ಚು ಮಾಡಿದರೆ ಸಾಕೆಂದಿದ್ದೆ, ಅವರಿಗೇನು ಗೊತ್ತಾಗುತ್ತದೆ ಎಂಬ ಧೈರ್ಯ. ಅವರಿಗೂ ಖುಷಿಯಾಯಿತು, ನನಗೂ ಖರ್ಚಿಲ್ಲ ಎಂದು ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಇದನ್ನು ಬಸ್ಸಿನಲ್ಲಿ ಹೇಗೆ ಹೇಳುವುದು?

ಅಲ್ಲಿಂದ ಶುರುವಾಯಿತು ನೋಡಿ. ಬಸ್ ಹತ್ತಿದ ಕೂಡಲೇ ಶಾರದಾ ಹಿಂದಿನ ಬಾಗಿಲಿನಿಂದಲೇ, "ಅಣ್ಣಾ, ಕ್ಯಾಸೆಟ್ ಏನಾಯ್ತು?" ಎಂದು ಕೂಗುವಳು. ಕಂಡಕ್ಟರ್ ಗಂಟಲು, ಡ್ರೈವರ್‌ಗೂ ಕೇಳಿಸಬೇಕು. ಎರಡು ವಾರದಲ್ಲಿ ಡ್ರೈವರೂ ಕನ್ನಡಿಯಲ್ಲಿ ನೋಡಿ, "ಆಯ್ತಾ ಸಾರ್?" ಎನ್ನತೊಡಗಿದ. ಮೀನು ಮಾರುವ ಹೆಂಗಸೊಬ್ಬಳು, "ಆ ತಾಯಿಲ್ಲದ ಹುಡ್ಗಿಗೆ ಒಂದ್ ಕ್ಯಾಸೆಟ್ ಹುಡುಕ್ಕೊಡೋಕೆ ಎಷ್ಟ್ ದಿನ ಬೇಕ್ರೀ ನಿಮ್ಗೆ?" ಎಂದು ನೇರವಾಗಿ ಕೇಳಿದಳು. ನಾನು ಒಂದು ವಾರ ಅದಕ್ಕಿಂತ ಮುಂಚಿನ ಬಸ್ಸಿಗೆ ಹೋದೆ. ಅದು ಬೆಳಗಿನ ಆರೂಕಾಲಕ್ಕೆ ಬಿಡುವುದು. ಅಷ್ಟು ಹೊತ್ತಿಗೆ ಮೂಡಿಗೆರೆಯಲ್ಲಿ ಹೋಟೆಲುಗಳು ಬಿಟ್ಟರೆ ಬೇರೆ ಯಾವುದೂ ಬಾಗಿಲು ತೆರೆದಿರುವುದಿಲ್ಲ. ಏಳು ದಿನ ಮೂಡಿಗೆರೆಯಲ್ಲಿ ಇಡ್ಲಿ ತಿಂದು ಕೂತಾಗ ವಿಮಲ, "ಏನ್ರೀ ಇದು, ಯಾವ ವ್ರತ?" ಎಂದು ಕೇಳಿದಳು. ಕಡೆಗೆ ಒಂದು ದಾರಿ ಹೊಳೆಯಿತು. ಐದು ಕ್ಯಾಸೆಟ್ಟಿನಲ್ಲಿ ಎಲ್ಲಾದರೂ, ಯಾವುದಾದರೂ ಮೂಲೆಯಲ್ಲಿ, ಜೀಪಿನ ಹಿಂದೋ ಪಾಯಸದ ಹಂಡೆಯ ಪಕ್ಕವೋ ಚಂದ್ರಮ್ಮ ಹಾದುಹೋಗಿರಲಾರಳೇ? ಅಷ್ಟು ಸಿಕ್ಕಿದರೂ ಸಾಕು.

ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿದರೆ ಎಲ್ಲಕ್ಕೂ ಬಿಳಿ ಬೂಷ್ಟು. ಮೂವತ್ತು ಮಳೆಗಾಲ ಕಂಡ ವಸ್ತು, ಬೇರೇನು ಆಗಬೇಕಿತ್ತು? ನಮಗೆ ಕಾಫಿಯವರಿಗೆ ಬೂಷ್ಟಿಗೆ ಒಂದೇ ಮದ್ದು ಗೊತ್ತು, ಬಿಸಿಲು. ಕಣದಲ್ಲಿ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಅದರ ಪಕ್ಕದಲ್ಲೇ ಒಂದು ಚಾಪೆ ಹಾಸಿ ಐದು ಕ್ಯಾಸೆಟ್ಟನ್ನೂ ಒಣಹಾಕಿದೆ. ಕಾಫಿ ತಿರುವುತ್ತಿದ್ದ ಹೆಂಗಸಿಗೆ, "ಗಂಟೆಗೊಂದ್ಸಲ ಇದನ್ನೂ ತಿರುವಿಹಾಕು" ಎಂದು ಹೇಳಿ ಊಟಕ್ಕೆ ಹೋದೆ. ಆಕೆ ಹೇಳಿದ ಹಾಗೆ ಮಾಡಿದ್ದಳು, ತಪ್ಪು ಆಕೆಯದಲ್ಲ. ಸಂಜೆಗೆ ನೋಡಿದರೆ ಬೂಷ್ಟೇನೋ ಹೋಗಿತ್ತು, ಆದರೆ ಒಂದು ಕ್ಯಾಸೆಟ್ಟಿನ ಡಬ್ಬಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನಾನು ಒಣಗಿದೆಯೇ ಎಂದು ಕಾಫಿ ಬೀಜ ನೋಡುವ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ.

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಪರಮೇಶಿಯ ಅಂಗಡಿ. ಒಂದು ಕಾಲಕ್ಕೆ ಈ ಸೀಮೆಯ ಅರ್ಧ ಮದುವೆಗಳ ವಿಡಿಯೋ ತೆಗೆದವನು, ನನ್ನದೇ ವಯಸ್ಸು. ಈಗ ಜೆರಾಕ್ಸು, ಪಾಸ್‌ಪೋರ್ಟ್ ಫೋಟೋ. ಹಳೆಯ ವಿಸಿಆರ್ ಒಂದನ್ನು ಬಟ್ಟೆ ಮುಚ್ಚಿ ಜೋಪಾನವಾಗಿ ಇಟ್ಟಿದ್ದಾನೆ, ಕ್ಯಾಸೆಟ್ಟನ್ನು ಅದರಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿಕೊಡುತ್ತಾನೆ. ಸೊಟ್ಟಗಾದ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, "ಏನ್ ಮಾಡಿದ್ರಿ ಇದಕ್ಕೆ?" ಎಂದು ಕೇಳಿದ. ಹೇಳಿದೆ. ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಆಮೇಲೆ, "ಪಲ್ಪರ್‌ಗೆ ಹಾಕ್ಲಿಲ್ವಲ್ಲ, ಪುಣ್ಯ" ಎಂದ. ಡಬ್ಬಿ ಬಿಚ್ಚಿ ಒಳಗಿನ ಸುರುಳಿಯನ್ನು ಬೇರೆ ಡಬ್ಬಿಗೆ ಹಾಕಿಕೊಟ್ಟ.

ಈ ಕೆಲಸದಲ್ಲಿ ಒಂದು ತಾಪತ್ರಯವಿದೆ. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಮೂರು ಗಂಟೆಯೇ ಬೇಕು, ಓಡಿಸುವಂತಿಲ್ಲ. ಚಂದ್ರಮ್ಮನನ್ನು ಹುಡುಕಬೇಕಾದ್ದರಿಂದ ನಾನು ಪರಮೇಶಿಯ ಪಕ್ಕ ಸ್ಟೂಲಿನ ಮೇಲೆ ಕೂತು ನನ್ನ ಇಡೀ ಕಲಾಕೃತಿಯನ್ನು ನೋಡಲೇಬೇಕಾಯಿತು. ಏನು ಹೇಳಲಿ? ಜೀಪನ್ನು ತೊಳೆಯುವುದು, ಜೀಪು ಒಣಗುವುದು, ಒಣಗಿದ ಜೀಪಿನ ಮುಂದೆ ನಾನು. ನಾಯಿ ಮಲಗಿರುವುದು ಹನ್ನೊಂದು ನಿಮಿಷ. ಎಲ್ಲದರ ಮೇಲೂ ನನ್ನ ಧ್ವನಿ. ನನ್ನದು ಗಂಭೀರ ಕಂಠ ಎಂದು ತಿಳಿದುಕೊಂಡಿದ್ದೆ. ಕೇಳಿದರೆ ಸಂತೆಯಲ್ಲಿ ಕಾಲು ಹಿಡಿದು ಎತ್ತಿದ ಕೋಳಿಯ ಗಂಟಲು. "ಆ ಕಡೆ ಸರಿ, ಅಡ್ಡ ಬರಬೇಡ, ಜೀಪು ಕಾಣಲ್ಲ" ಎಂದು ಎಲ್ಲರನ್ನೂ ಗದರುತ್ತಿದ್ದೇನೆ. ಗದರಿದ ಕೂಡಲೇ ಯಾರದೋ ಸೆರಗು, ಯಾರದೋ ಕೈ ಚಿತ್ರದಿಂದ ಆಚೆ ಸರಿದುಹೋಗುತ್ತದೆ. ಮೊದಲನೆಯ ವಾರ ಮೂರು ಕ್ಯಾಸೆಟ್ಟು ನೋಡಿ ಮುಗಿಯುವ ಹೊತ್ತಿಗೆ ಸೆರಗುಗಳ ಹೊರತು ಏನೂ ಸಿಕ್ಕಿರಲಿಲ್ಲ. ನಾಚಿಕೆಯಿಂದ ಪರಮೇಶಿಯ ಮುಖ ನೋಡದೆ ಮೆಟ್ಟಿಲಿಳಿದೆ.

ಮಾರನೆಯ ವಾರ ನಾಲ್ಕನೆಯ ಕ್ಯಾಸೆಟ್ಟು, ಕುಯ್ಲು ಮುಗಿದ ದಿನದ್ದು. ಶುರುವಾದದ್ದೇ ಅಪ್ಪನ ಚಪ್ಪಲಿಯಿಂದ. ಆಮೇಲೆ ಕಣದ ನೆಲ, ನನ್ನ ಪ್ಯಾಂಟು, ಮತ್ತೆ ನೆಲ. ಅಪ್ಪ ಭಾಷಣಕ್ಕೆ ಎದ್ದು ಗಂಟಲು ಸರಿಮಾಡಿಕೊಂಡರು, ಚಿತ್ರ ಪಟಕ್ಕನೆ ನಿಂತಿತು. ಮತ್ತೆ ಶುರುವಾದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು, ನೆಲ ಕಾಣಿಸುತ್ತಿತ್ತು. ಪರಮೇಶಿ ನಕ್ಕ. "ಸಾರ್, ಉಲ್ಟಾ ಒತ್ತಿದೀರಿ! ಒಂದೇ ಬಟನ್ ಅಲ್ವಾ? ಒಂದ್ಸಲ ಜಾಸ್ತಿ ಒತ್ತಿದ್ರೆ ಆಯ್ತು, ತೆಗೀತಿದೀನಿ ಅಂದಾಗ ನಿಂತಿರುತ್ತೆ, ನಿಂತಿದೆ ಅಂದಾಗ ಓಡ್ತಿರುತ್ತೆ. ಒಳಗೆ ಕೆಂಪು ದೀಪ ಬರ್ತಿತ್ತಲ್ಲ, ನೋಡ್ಲಿಲ್ವಾ?" ನೋಡುವುದು ಹೇಗೆ? ಕ್ಯಾಮೆರಾಕ್ಕೆ ಕಣ್ಣಿಡಲು ನಾನು ಕನ್ನಡಕ ತೆಗೆಯುತ್ತಿದ್ದೆ. ಅಪ್ಪನ ಭಾಷಣ ಹೋಯಿತಲ್ಲ ಎಂದು ಸಂಕಟಪಡುತ್ತಿರುವಾಗಲೇ ನನಗೆ ಹೊಳೆಯಿತು. ನಿಂತಿದೆ ಅಂದುಕೊಂಡಾಗ ಓಡುತ್ತಿತ್ತು ಎಂದರೆ, ಖಾಲಿ ಶೂಟಿಂಗು ಖಾಲಿಯಲ್ಲ!

ಬಂದರು ನೋಡಿ, ಸಾಲಾಗಿ. ಕ್ಯಾಮೆರಾ ನೆಟ್ಟಗೆ ನಿಂತಿದೆ, ಬೆಳಕು ಚೆನ್ನಾಗಿದೆ. ಐದು ಕ್ಯಾಸೆಟ್ಟಿನಲ್ಲಿ ನಾನು ಸರಿಯಾಗಿ ತೆಗೆದದ್ದು ಇದೊಂದೇ. ಮೂರನೆಯವಳು ಚಂದ್ರಮ್ಮ. ಮುಖ ತೊಳೆದು, ಅರಿಸಿನ ಹಚ್ಚಿ, ಕೊಟ್ಟ ಹೊಸ ಸೀರೆಯನ್ನು ಮಡಿಕೆ ಬಿಚ್ಚದೆ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಾಳೆ. "ಸಿಕ್ಕಿದ್ಲು ಪರಮೇಶಿ!" ಎಂದು ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಅಷ್ಟರಲ್ಲಿ ಆ ಕೋಳಿ ಗಂಟಲು ಶುರುವಾಯಿತು. ಪಕ್ಕದಲ್ಲಿದ್ದ ವಿಮಲಳಿಗೆ ಹೇಳುತ್ತಿದ್ದೇನೆ. ಪಿಸುಮಾತು ಅಂದುಕೊಂಡಿದ್ದೆನೇನೋ, ಮೈಕು ಇದ್ದದ್ದು ನನ್ನ ಬಾಯಿಯ ಪಕ್ಕದಲ್ಲೇ.

"ಬಟನ್ ಒತ್ತಿಲ್ಲ ಮಾರಾಯ್ತಿ, ಸುಮ್ನೆ ಖಾಲಿ ತೋರಿಸ್ತಿದೀನಿ. ಇವರಿಗೆಲ್ಲ ಯಾಕೆ ಕ್ಯಾಸೆಟ್ ಹಾಳು ಮಾಡೋದು? ಇವರಿಗೇನ್ ಗೊತ್ತಾಗುತ್ತೆ!"

"ಪಾಪ ಕಣ್ರೀ" ಎನ್ನುತ್ತದೆ ವಿಮಲಳ ಧ್ವನಿ. ನಾನು ಹೆಹ್ಹೆ ಎಂದು ನಗುತ್ತೇನೆ. ಆಮೇಲೆ ಕಂಠ ಬದಲಿಸಿ, ಸಕ್ಕರೆ ಸುರಿಸಿಕೊಂಡು, "ಹೂಂ ಚಂದ್ರಮ್ಮ, ನಿನ್ನ ಬಗ್ಗೆ ಹೇಳು" ಎನ್ನುತ್ತೇನೆ. ಚಂದ್ರಮ್ಮ ಪಕ್ಕದವಳ ಕಡೆ ಒಮ್ಮೆ ನೋಡಿ, ನನ್ನತ್ತ ತಿರುಗಿ, ಸೆರಗು ಸರಿಮಾಡಿಕೊಂಡು ಹೇಳುತ್ತಾಳೆ: "ನನ್ನೆಸ್ರು ಚಂದ್ರಮ್ಮ. ಒಬ್ಳು ಮಗ್ಳು, ಶಾರದಾ ಅಂತ. ಮೂರ್ನೇ ಕ್ಲಾಸು. ಲೆಕ್ಕದಲ್ಲಿ ಭಾಳ ಜೋರು. ಅವ್ಳು ನಮ್ಮಂಗೆ ಕಾಫಿ ಬುಟ್ಟಿ ಕಟ್ಕಳಲ್ಲ, ನೋಡ್ತಿರಿ ಸಣ್ಣಯ್ಯ."

ಪರಮೇಶಿ ನನ್ನ ಕಡೆ ತಿರುಗಲಿಲ್ಲ. ಕಂಪ್ಯೂಟರನ್ನೇ ನೋಡುತ್ತ, "ಇದನ್ನ ನಾವೂ ಮಾಡ್ತಿದ್ವಿ ಸಾರ್. ಮದ್ವೆ ಮನೇಲಿ ರೀಲ್ ಮುಗಿದ್ರೆ ಬರೀ ಫ್ಲ್ಯಾಶ್ ಹೊಡೀತಿದ್ವಿ. ಆದ್ರೆ ಬಾಯಿ ಮುಚ್ಕೊಂಡು ಮಾಡ್ತಿದ್ವಿ" ಎಂದ. ಮಾನ ಉಳಿಸಿಕೊಳ್ಳುವ ದಾರಿಯನ್ನೂ ಅವನೇ ತೋರಿಸಿದ. ಮಾತು ತೆಗೆದುಹಾಕಿ ಕೊಳಲಿನ ಸಂಗೀತ ಸೇರಿಸಬಹುದಂತೆ, ಐದು ನಿಮಿಷದ ಕೆಲಸ. ನನ್ನ ಮಾತಷ್ಟನ್ನೇ ತೆಗೆಯಲಾಗುವುದಿಲ್ಲವೇ ಎಂದು ಕೇಳಿದೆ. "ತೆಗೀಬೋದು. ಆದ್ರೆ ನೀವು ಆಯಮ್ಮ ಮಾತಾಡೋವಾಗ್ಲೂ ನಗ್ತಾನೇ ಇದೀರಲ್ಲ ಸಾರ್, ಮೇಲಿಂದ ಮೇಲೆ" ಎಂದ. ನಿಜ, ಹೆಹ್ಹೆ ನಿಂತೇ ಇರಲಿಲ್ಲ. ನಾನು ಹೆಚ್ಚು ಯೋಚಿಸಲಿಲ್ಲ, ಯೋಚಿಸಿದೆ ಎಂದು ಈಗ ಸುಳ್ಳು ಹೇಳುವುದಿಲ್ಲ. "ಕೊಳಲೇ ಹಾಕು" ಎಂದೆ.

ಕೊಳಲಿನ ವಿಡಿಯೋವನ್ನು ಶಾರದಾಳ ಮೊಬೈಲಿಗೆ ಕಳಿಸಿದೆ. ಮರುದಿನ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಡ್ರೈವರು ಎದ್ದು ಬಂದು ನಮಸ್ಕಾರ ಮಾಡಿದ. ಮೀನಿನ ಹೆಂಗಸು ನನಗೆ ಸೀಟು ಬಿಟ್ಟುಕೊಟ್ಟಳು. ಆ ಸೀಟಿನಲ್ಲಿ ಕೂತದ್ದು ನನ್ನ ಜೀವಮಾನದಲ್ಲೇ ಅತ್ಯಂತ ಕಷ್ಟದ ಪ್ರಯಾಣ. ಕಣ್ಣೊರೆಸಿಕೊಂಡ ಶಾರದಾ, "ಅಣ್ಣಾ, ಅಮ್ಮ ಏನೋ ಹೇಳ್ತವ್ಳೆ, ಬಾಯಿ ಆಡ್ತೈತೆ. ಮಾತು ಇಲ್ವಾ?" ಎಂದು ಕೇಳಿದಳು.

"ಬೂಷ್ಟು ಹಿಡಿದಿತ್ತಲ್ಲಮ್ಮ, ಮಾತು ಹೋಗ್ಬಿಟ್ಟಿದೆ" ಎಂದೆ. ಬೂಷ್ಟಿನ ಮೇಲೆ ಅಪವಾದ ಹೊರಿಸಲು ನಾಲಿಗೆ ತಡವರಿಸಲೂ ಇಲ್ಲ.

ಅವಳು ಸುಮ್ಮನಾದಳೇ? ಇಲ್ಲ. ದಿನಾ ಬಸ್ ಬಿಡುವ ಮುಂಚೆ ಮೊಬೈಲನ್ನು ಒಬ್ಬೊಬ್ಬರ ಮುಂದೆ ಹಿಡಿದು, ಅಮ್ಮ ಏನು ಹೇಳುತ್ತಿರಬಹುದು ಎಂದು ಕೇಳತೊಡಗಿದಳು. ಒಬ್ಬ ಮೇಷ್ಟರು, "ನಮಸ್ಕಾರ ಅಂತಿದಾರೆ" ಎಂದರು. ಮೀನಿನ ಹೆಂಗಸು, "ಸೀರೆ ಚೆನ್ನಾಗೈತೆ ಅಂತವ್ಳೆ" ಎಂದಳು. ಡ್ರೈವರು, ಹಸಿವಾಗಿದೆ, ಊಟ ಯಾವಾಗ ಎಂದು ಕೇಳುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದಿದ್ದ. ಶಾರದಾ ಎಲ್ಲವನ್ನೂ ಕೇಳಿಸಿಕೊಂಡು, ಮತ್ತೆ ಪರದೆಗೆ ಮುಖವಿಟ್ಟು, ತುಟಿಗಳನ್ನು ತಾನೂ ಆಡಿಸಿ ನೋಡುವಳು. ಆ ನಾಲ್ಕು ಮಾತನ್ನು ಬಲ್ಲವನು ಇಡೀ ಬಸ್ಸಿನಲ್ಲಿ ನಾನೊಬ್ಬ. ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದೆ. ನಾಲ್ಕನೆಯ ದಿನ ಅವಳು, "ನನ್ನೆಸ್ರು ಏನಾದ್ರೂ ಹೇಳಿದಾಳೇನೋ ಅನ್ಸುತ್ತೆ ಅಣ್ಣ, ಇಲ್ಲಿ ನೋಡಿ, 'ಶಾ' ಅಂದಂಗಿಲ್ವಾ?" ಎಂದು ಕೇಳಿದಾಗ ನನ್ನ ಕೈಲಿ ಆಗಲಿಲ್ಲ. ಮನೆಗೆ ಬಂದು ವಿಮಲಳಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಅವತ್ತೂ ಪಾಪ ಅಂದೆ, ಇವತ್ತೂ ಅದನ್ನೇ ಹೇಳ್ಬೇಕಾ? ಕೊಟ್ಟುಬಿಡ್ರೀ" ಎಂದಳು.

ಮರುದಿನ ಮಾತಿರುವ ವಿಡಿಯೋವನ್ನು ಕಳಿಸಿ ಬಸ್ ಹತ್ತಿದೆ. "ಶಾರದಾ, ಮಾತು ಸಿಕ್ಕಿದೆ. ಅದ್ರಲ್ಲಿ ನನ್ ಮಾತೂ ಇದೆ. ಒಬ್ಳೇ ಇದ್ದಾಗ ಕೇಳು" ಎಂದೆ. ಕಡೆಯ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅಲ್ಲೇ, ಟಿಕೆಟ್ ಬ್ಯಾಗನ್ನು ತೋಳಿಗೆ ಸಿಕ್ಕಿಸಿಕೊಂಡು, ವಾಲ್ಯೂಮು ಪೂರ್ತಿ ಏರಿಸಿ ಒತ್ತಿದಳು. ಇವರಿಗೇನ್ ಗೊತ್ತಾಗುತ್ತೆ ಎಂಬ ನನ್ನ ಮಾತು ಡ್ರೈವರ್ ಸೀಟಿನವರೆಗೂ ಹೋಯಿತು. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಮುಖವನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ನನ್ನ ಚಪ್ಪಲಿಯನ್ನು ನೋಡಿಕೊಂಡೆ. ಶಾರದಾ ಪೂರ್ತಿ ಕೇಳಿದಳು. 'ಲೆಕ್ಕದಲ್ಲಿ ಭಾಳ ಜೋರು' ಎಂಬಲ್ಲಿಗೆ ಮತ್ತೆ ಮತ್ತೆ ಹಿಂದೆ ಹೋಗಿ ಮೂರು ಸಲ ಕೇಳಿದಳು. ಆಮೇಲೆ ನನ್ನ ಪಕ್ಕ ಬಂದು ನಿಂತಳು.

"ತಪ್ಪಾಯ್ತು ಕಣಮ್ಮ" ಎಂದೆ.

"ಅಯ್ಯೋ ಬಿಡಿ ಅಣ್ಣ. ಬಟನ್ ಒತ್ತಿಲ್ಲ ಅನ್ನೋದು ಅಮ್ಮಂಗೆ ಅವತ್ತೇ ಗೊತ್ತಿತ್ತು. ಲೈನಲ್ಲಿ ಎಲ್ರಿಗೂ ಗೊತ್ತಿತ್ತು. ನೀವು ಅಷ್ಟ್ ಜೋರಾಗಿ ಹೇಳಿದ್ರೆ ಕೇಳ್ಸದೆ ಇರುತ್ತಾ? ಖಾಲಿ ಶೂಟಿಂಗು ಅಂತ ವರ್ಷಗಟ್ಲೆ ನಗ್ತಿದ್ರು. ಅದಕ್ಕೇ ನಾನು, ಬೇರೆ ಕಡೆ ಎಲ್ಲಾದ್ರೂ ಇದಾಳಾ ನೋಡಿ ಅಂತ ಕೇಳಿದ್ದು."

"ಗೊತ್ತಿದ್ದೂ ಮತ್ತೆ ಯಾಕೆ ನಿಂತ್ರು? ಮಾತಾಡಿದ್ರು?"

"ನೀವು ಅವತ್ತು ಭಾಳ ಖುಷೀಲಿದ್ರಂತೆ. 'ಪಾಪ, ಆ ಭಾರ ಹೊತ್ಕೊಂಡು ಬಿಸ್ಲಲ್ಲಿ ಬಂದವ್ರೆ, ನಮಗೆ ಗೊತ್ತಾಯ್ತು ಅಂತ ತೋರಿಸ್ಕೋಬೇಡ್ರೇ, ಸಣ್ಣಯ್ಯಂಗೆ ನಾಚ್ಕೆ ಆಗುತ್ತೆ' ಅಂತ ಅಮ್ಮನೇ ಎಲ್ರಿಗೂ ಹೇಳಿದ್ಲಂತೆ."

ಇಷ್ಟು ಹೇಳಿ, ವಿಸಿಲ್ ಊದಿ, ಅವಳು ಟಿಕೆಟ್ ಕೊಡಲು ಮುಂದೆ ಹೋದಳು. ಮೂವತ್ತು ವರ್ಷ ನಾನು ಇಪ್ಪತ್ತು ಜನರನ್ನು ಏಮಾರಿಸಿದೆ ಎಂದುಕೊಂಡಿದ್ದೆ. ಆ ಇಪ್ಪತ್ತು ಜನ ನನಗೆ ನಾಚಿಕೆಯಾಗದಿರಲಿ ಎಂದು ಬಿಸಿಲಿನಲ್ಲಿ ನಗು ತಡೆದುಕೊಂಡು ನಿಂತಿದ್ದರು. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟ ನನ್ನ ಮಾನವನ್ನು ನಾನೇ ಕೊಂಡುಹೋಗಿ, ಕಂಪ್ಯೂಟರಿಗೆ ಇಳಿಸಿ, ಬಸ್ಸಿನ ತುಂಬ ಕೇಳಿಸಿದ್ದೆ. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ, ಆಗಷ್ಟೇ ಹತ್ತಿ ನನ್ನ ಪಕ್ಕ ಕೂತವರೊಬ್ಬರು ಟಿಕೆಟ್ ಕೊಡಲು ಬಂದ ಶಾರದಾಳ ಕೈಯಲ್ಲಿದ್ದ ಮೊಬೈಲನ್ನು ಇಣುಕಿ ನೋಡಿ, "ಎಷ್ಟ್ ಚೆನ್ನಾಗಿ ಬಂದಿದೆ, ತೆಗೆದವ್ರು ಯಾರು?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಎದೆ ಮುಂದೆ ಮಾಡಿ ಹೇಳುತ್ತಿದ್ದೆ. "ಯಾರೂ ತೆಗೀಲಿಲ್ಲ. ಕ್ಯಾಮೆರಾ ಹೊತ್ಕೊಂಡಿದ್ದು ಮಾತ್ರ ನಾನು" ಎಂದೆ.